ಸರಕಾರಿ ಕಾಡಿನಲ್ಲಿ ಸೈಕಲಿಗೊಂದು ದಾರಿ

ಸೈಕಲೆಂದರೆ ನಮ್ಮ ಕಡೆಯ ಹಳಬರಿಗೆ ನೆನಪಾಗುವುದು ಪೋಸ್ಟ್‌ಮ್ಯಾನ್, ಮೀನಿನವರ ಪೆಟ್ಟಿಗೆ, ಪೇಟೆಯಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ಸಿಗುತ್ತಿದ್ದ ವಾಹನ. ಗುಡ್ಡೆಯ ಬುಡ ಬಂತೆಂದರೆ ಇಳಿದು ದೂಡಿಕೊಂಡು ಹೋಗುವುದೇ ಕ್ರಮ. ಅಂಥ ಸೈಕಲನ್ನು ಬೇಕೆಂದೇ ಗುಡ್ಡೆಗೆ ಹತ್ತಿಸಿ, ಕಲ್ಲು ಬೇರುಗಳ ಮೇಲಿಂದ ಕಾಡಿನೊಳಗೆ ಇಳಿಸುವುದೂ ಒಂದು ಕ್ರೀಡೆ, ಅದಕ್ಕಾಗಿ ಸರಕಾರವೇ ಪ್ರತ್ಯೇಕ ದಾರಿ ಮಾಡಿಕೊಡುವುದುಂಟು ಎಂದರೆ ಕೆಲಸವಿಲ್ಲದವರ ಕೆಲಸವೆಂದು ನಗುವವರು ಇದ್ದಾರು. ನಾವೂ ಮೊದಲು ನಕ್ಕವರೇ. ಆದರೆ ವಿಷಯದ ಒಳಹೊಕ್ಕು ನೋಡಿದಾಗ ಇದು ಸೈಕಲಿನ ಪ್ರಶ್ನೆಗಿಂತ ಹೆಚ್ಚಾಗಿ ಸಾರ್ವಜನಿಕ ಭೂಮಿಯ ಪ್ರಶ್ನೆಯೆಂದು ಕಂಡುಬಂತು. ಎಲ್ಲರದ್ದಾದ ಕಾಡಿನಲ್ಲಿ ಹೊಸತೊಂದು ದಾರಿ ತೆಗೆಯುವಾಗ ಯಾರನ್ನು ಕೇಳಬೇಕು? ತೆಗೆದ ದಾರಿಯನ್ನು ನಾಲ್ಕು ಮಳೆಗಾಲ ಕಳೆದ ಮೇಲೆ ನೋಡಿಕೊಳ್ಳುವವರು ಯಾರು? ಕುಮ್ಕಿಯ ಸೊಪ್ಪಿಗೂ ಗುಡ್ಡೆಯ ಕಾಲುದಾರಿಗೂ ತಕರಾರು ಕಂಡವರಾದ ನಮ್ಮ ಓದುಗರಿಗೆ ಈ ಪ್ರಶ್ನೆಗಳು ಹೊಸತಲ್ಲ.

ಈ ಆಟ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ. ಅಲ್ಲಿಯ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಸ್ಪರ್ಧೆಗೆ 'ರಿಪ್ಯಾಕ್' ಎಂಬ ವಿಚಿತ್ರ ಹೆಸರು. ಒಂದು ಸಲ ಗುಡ್ಡ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬದೆ ಗತ್ಯಂತರವಿರಲಿಲ್ಲ, ಅದರಿಂದ ಬಂದ ಹೆಸರಿದು. ಆಟದ ಹಿಂದೆಯೇ ಜಗಳವೂ ಬಂತು. ನಡೆದು ಹೋಗುವವರೂ ಕುದುರೆ ಸವಾರರೂ ದೂರಿದರು. 1984ರಲ್ಲಿ ಅಮೆರಿಕದ ಅರಣ್ಯ ಇಲಾಖೆ ತನ್ನ 'ವೈಲ್ಡರ್‌ನೆಸ್' ಪ್ರದೇಶಗಳೊಳಗೆ ಸೈಕಲನ್ನು ನಿಷೇಧಿಸಿತು. ಸುಮ್ಮನಿದ್ದರೆ ಇದ್ದ ದಾರಿಯೂ ಹೋದೀತೆಂದು ಅರಿತ ಸವಾರರು 1988ರಲ್ಲಿ ಸಂಘ ಕಟ್ಟಿಕೊಂಡರು. ದಾರಿ ಕಡಿಯುವ ಶಾಸ್ತ್ರವನ್ನು ಕ್ರಮಬದ್ಧವಾಗಿ ಬರೆದಿಟ್ಟ ಕೀರ್ತಿ ಈ ಸಂಘಕ್ಕೆ ಬಹುಮಟ್ಟಿಗೆ ಸಲ್ಲಬೇಕು.

ಆದರೆ ಸರಕಾರಿ ಕಾಡಿನಲ್ಲಿ, ಸರಕಾರದ ಒಪ್ಪಿಗೆಯಿಂದಲೇ, ಇದಕ್ಕೆಂದೇ ದಾರಿ ಮಾಡಿ ತೋರಿಸಿದವರಲ್ಲಿ ಮೊದಲಿಗರೆನ್ನಿಸಿಕೊಂಡದ್ದು ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಸಣ್ಣ ನಾಡು.

ರಾಜನ ಕಾಡು

ವೇಲ್ಸಿನ ವಾಯವ್ಯಕ್ಕೆ ಗ್ವಿನೆದ್ ಎಂಬ ಜಿಲ್ಲೆಯುಂಟು. ಅಲ್ಲಿ ಡೊಲ್ಗೆಹ್ಲಾಯ್ ಎಂಬ ಪೇಟೆಯ ಉತ್ತರಕ್ಕೆ ಹಬ್ಬಿರುವ ಕಾಡಿನ ಹೆಸರು 'ಕೋಯ್ಡ್ ಅ ಬ್ರೆನಿನ್', ಅಂದರೆ ರಾಜನ ಕಾಡು. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿಗೆ ಪರದಾಡಿದ ಬ್ರಿಟನ್ 1919ರಲ್ಲಿ ಅರಣ್ಯ ಕಮಿಷನನ್ನು ಸ್ಥಾಪಿಸಿತು. ಕಮಿಷನ್ 1922ರಿಂದ ಇಲ್ಲಿ ಭೂಮಿ ಕೊಂಡು ಡಗ್ಲಾಸ್ ಫರ್ ಮುಂತಾದ ಮರಗಳನ್ನು ನೆಟ್ಟಿತು. ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬದ ನೆನಪಿಗೆ 1935ರಲ್ಲಿ ಈ ಹೆಸರು ಬಂತು. ನಾವು ಕಾಡೆಂದು ಕರೆಯುವಂಥದಲ್ಲ ಇದು, ಸಾಲು ಹಿಡಿದು ನೆಟ್ಟ ತೋಪು. ಕುರಿ ಮೇಯುತ್ತಿದ್ದ ಗುಡ್ಡಗಳು ತೋಪಾಗುವುದನ್ನು ವೇಲ್ಸಿನ ರೈತರು ಹಲವೆಡೆ ವಿರೋಧಿಸಿದ್ದೂ ಉಂಟು.

1990ರ ದಶಕದ ಆರಂಭದಲ್ಲಿ ಇಲ್ಲಿ ಡವಿದ್ ಡೇವಿಸ್ ಎಂಬ ಅರಣ್ಯ ನೌಕರರಿದ್ದರು. ಮರ ಸಾಗಿಸುವ ಲಾರಿದಾರಿಯಲ್ಲಿ ಸೈಕಲು ಬಿಡುವುದಕ್ಕೆ ಅನುಮತಿ ಕೊಟ್ಟರೆ ಸಾಲದು, ಸವಾರರಿಗೆಂದೇ ಒಂದಾಳಗಲದ ದಾರಿ ಮಾಡಿ ಕೊಟ್ಟರೆ ದೂರದೂರದಿಂದ ಜನ ಬಂದಾರು ಎಂಬುದು ಅವರ ಎಣಿಕೆ. ದಾರಿಗೆ ಬೇಕಾದ ಹಣದಲ್ಲಿ ಒಂದು ಪಾಲನ್ನು 'ರೆಡ್ ಬುಲ್' ಪಾನೀಯದ ಕಂಪೆನಿ ಕೊಟ್ಟು, ದಾರಿಗೆ ತನ್ನ ಹೆಸರಿರಿಸಿತು. ಎಣಿಕೆ ತಪ್ಪಲಿಲ್ಲ. ಕಲ್ಲು ಹಾಸಿ ಗಟ್ಟಿಮಾಡಿದ ಆ ದಾರಿ ಬ್ರಿಟನ್ನಿನ ಸವಾರರಲ್ಲಿ ಮನೆಮಾತಾಯಿತು. ವೇಲ್ಸ್, ಸ್ಕಾಟ್‌ಲೆಂಡುಗಳ ಬೇರೆ ಸರಕಾರಿ ಕಾಡುಗಳೂ ಅದೇ ಮೇಲ್ಪಂಕ್ತಿ ಹಿಡಿದವು. ಡೇವಿಸರಿಗೆ ಬ್ರಿಟಿಷ್ ಸರಕಾರದ ಎಂ.ಬಿ.ಇ. ಗೌರವವೂ ಸಂದಿತು.

ನೀರಿಗೆ ಮೊದಲ ಮಣೆ

ದಾರಿಯ ಯೋಜನೆಯೆಂದರೆ ಎಲ್ಲಿಂದೆಲ್ಲಿಗೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುವುದೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ಮೊದಲು ನೋಡಬೇಕಾದ್ದು ಮಳೆನೀರಿನ ಹಾದಿ. ಗುಡ್ಡೆಯಿಂದ ನೀರು ಇಳಿಯುವ ಜಾಡಿನಲ್ಲೇ ನೇರ ದಾರಿ ತೆಗೆದರೆ, ಚಕ್ರ ಸಡಿಲಿಸಿದ ಮಣ್ಣನ್ನು ಮಳೆ ಹೊತ್ತೊಯ್ದು ವರ್ಷ ಎರಡರೊಳಗೆ ದಾರಿ ತೋಡಾಗುತ್ತದೆ. ನಮ್ಮ ಹಳೆಯ ಗಾಡಿದಾರಿಗಳು ಎರಡಾಳು ಆಳದ ಓಣಿಗಳಾದ ಬಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ಆದ್ದರಿಂದ ದಾರಿಯನ್ನು ಗುಡ್ಡದ ಸೊಂಟ ಬಳಸಿ ಅಡ್ಡಡ್ಡವಾಗಿ ಒಯ್ಯುತ್ತಾರೆ. ಗುಡ್ಡದ ಇಳಿಜಾರು ಎಷ್ಟಿದೆಯೋ ದಾರಿಯ ಇಳಿಜಾರು ಅದರ ಅರ್ಧವನ್ನು ಮೀರಬಾರದು. ಒಟ್ಟು ದಾರಿಯ ಸರಾಸರಿ ಏರು ಶೇಕಡಾ 10ರ ಒಳಗಿರಬೇಕು. ಎಂದರೆ 100 ಅಡಿ ದೂರಕ್ಕೆ 10 ಅಡಿ ಎತ್ತರ. ದಾರಿಯ ಮೈ ಕಣಿವೆಯ ಕಡೆಗೆ ಶೇಕಡಾ 5ರಷ್ಟು ವಾಲಿರಬೇಕು. ಮೇಲಿನಿಂದ ಬಂದ ನೀರು ದಾರಿಯುದ್ದಕ್ಕೆ ಹರಿಯದೆ ಅಡ್ಡ ದಾಟಿ ಹೋಗಲಿ ಎಂದು. ಅಷ್ಟೂ ಸಾಲದೆಂದು, ಇಳಿಯುವ ದಾರಿಯನ್ನು ನಡುನಡುವೆ ತುಸು ಏರಿಸುತ್ತಾರೆ. ಜಾಡು ಹಿಡಿದು ಬಂದ ನೀರು ಆ ತಗ್ಗಿನಲ್ಲಿ ನಿಂತು ಹೊರಬೀಳುತ್ತದೆ. ಸವಾರನಿಗೆ ಇದೇ ಏರಿಳಿತ ಮೋಜು. ನೀರಿಗೆ ಮಾಡಿದ ಉಪಾಯ ಆಟಕ್ಕೂ ಒದಗಿತು. ಕೆಸರು ನಿಲ್ಲುವಲ್ಲಿ ಚಪ್ಪಡಿ ಹಾಸುತ್ತಾರೆ. ಅಡಿಕೆ ತೋಟದಲ್ಲಿ ಕಣಿ ತೋಡಿ ಬಲ್ಲ ಯಾವ ಕೆಲಸಗಾರನೂ ಇದನ್ನು ಒಂದೇ ದಿನದಲ್ಲಿ ಕಲಿತಾನು ಎಂದು ನಮಗೆ ತೋರುತ್ತದೆ.

ಅನಂತರದ ಕೆಲಸ ಕಾಡಿನ ಬೇರೆ ಬಳಕೆದಾರರದ್ದು. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 1968ರ ಒಂದು ಕಾಯಿದೆ ಕುದುರೆದಾರಿಗಳಲ್ಲಿ ಸೈಕಲಿಗೆ ಹಕ್ಕು ಕೊಟ್ಟಿತು. ಆದರೆ ನಡೆಯುವವನಿಗೂ ಕುದುರೆಯವನಿಗೂ ಸೈಕಲಿನವನು ದಾರಿ ಬಿಟ್ಟುಕೊಡಬೇಕೆಂಬ ಷರತ್ತು ಸಹಿತ. ಪ್ರತ್ಯೇಕ ದಾರಿ ಮಾಡಿದಲ್ಲಿ ತಂಟೆ ಕಡಿಮೆ. ದಾರಿಯ ಕಷ್ಟಕ್ಕೆ ತಕ್ಕಂತೆ ಹಸುರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಹಚ್ಚಿ, ಕಲಿಯುವ ಮಕ್ಕಳು ಕಪ್ಪು ದಾರಿಗೆ ಹೋಗಿ ಕೈಕಾಲು ಮುರಿದುಕೊಳ್ಳದಂತೆ ಎಚ್ಚರ ವಹಿಸುತ್ತಾರೆ. ಅನುಮತಿಯಿಲ್ಲದೆ ರಾತೋರಾತ್ರಿ ದಾರಿ ಕಡಿಯುವ ಪುಂಡರು ಅಲ್ಲೂ ಇದ್ದಾರೆ. ಅಧಿಕಾರಿಗಳು ಅದನ್ನು ಕೆಡವಬೇಕು, ಇಲ್ಲವೇ ಒಪ್ಪಿಕೊಂಡು ಅದರ ಅಪಾಯದ ಹೊಣೆಯನ್ನೂ ಹೊರಬೇಕು.

ಮರ ಕಡಿಯುವ ಕೆಲಸ ನಡೆಯುವಾಗ ದಾರಿ ಮುಚ್ಚುತ್ತದೆ, ಅಥವಾ ಸುತ್ತು ಬಳಸುತ್ತದೆ. 2010ರಲ್ಲಿ ವೇಲ್ಸಿನ ಲಾರ್ಚ್ ಮರಗಳಿಗೆ ರೋಗವೊಂದು ಕಾಣಿಸಿಕೊಂಡ ಮೇಲೆ ಇದು ಹೆಚ್ಚಿತು. ಆ ರೋಗಾಣುವಿನ ಕುಲದ ಹೆಸರು ಫೈಟಾಫ್ತೊರ. ನಮ್ಮ ಅಡಿಕೆಯ ಕೊಳೆರೋಗವನ್ನು ತರುವುದೂ ಇದೇ ಕುಲದ ದಾಯಾದಿ. ಬೋರ್ಡೋ ಸಿಂಪಡಿಸಿ ಬದುಕಿಕೊಂಡ ನಮಗೆ, ರೋಗ ಹಿಡಿದ ತೋಪನ್ನೇ ಕಡಿದು ಹಾಕುವ ಅವರ ಸಂಕಟ ಅರ್ಥವಾದೀತು.

ಗೂಳಿಯ ಹೆಸರು

ಇನ್ನೊಂದು ಸಂಗತಿಗಾಗಿಯೇ ನಾವು ಈ ಲೇಖನಕ್ಕೆ ಕೈಹಾಕಿದ್ದೆಂದರೂ ಸರಿ. 2021ರ ಜನಗಣತಿಯ ಪ್ರಕಾರ ವೇಲ್ಸಿನಲ್ಲಿ ವೆಲ್ಷ್ ಭಾಷೆ ಬಲ್ಲವರು ಸುಮಾರು 5 ಲಕ್ಷದ 38 ಸಾವಿರ, ಶೇಕಡಾ 17.8 ಮಾತ್ರ. ತಮ್ಮ ನಾಡಿನಲ್ಲೇ ಅವರು ಅಲ್ಪಸಂಖ್ಯಾತರು. ಗ್ವಿನೆದ್ ಜಿಲ್ಲೆಯಲ್ಲಿ ಮಾತ್ರ ಶೇಕಡಾ 64ರಷ್ಟು ಮಂದಿ ಅದನ್ನು ಬಲ್ಲರು. ಹೊರಗಿನ ಸವಾರರು ಬರತೊಡಗಿದರೆ ಇಂಥ ಊರಿನ ಹೆಸರುಗಳ ಗತಿಯೇನು?

ಪಾನೀಯದ ಕಂಪೆನಿಯ ನಂಟು ಮುಗಿದ ಮೇಲೆ ಆ ಹಳೆಯ ದಾರಿಗೆ ಹೊಸ ಹೆಸರು ಬೇಕಾಯಿತು. ಇಟ್ಟದ್ದು 'ಟಾರು' ಎಂದು. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ಗೂಳಿ. ಕಂಪೆನಿಯ ಗೂಳಿ ಹೋಗಿ ಊರಿನ ಗೂಳಿ ಉಳಿಯಿತು! 2011ರ ಭಾಷಾ ಶಾಸನ ವೆಲ್ಷಿಗೆ ಅಧಿಕೃತ ಸ್ಥಾನ ಕೊಟ್ಟಿತು. ಅದರಡಿ ಬಂದ ನಿಯಮಗಳ ಮೇರೆಗೆ ಸಾರ್ವಜನಿಕ ಸಂಸ್ಥೆಗಳು ಬೋರ್ಡು ಹಾಕುವಾಗ ವೆಲ್ಷ್ ಬರಹ ಮೊದಲು ಕಣ್ಣಿಗೆ ಬೀಳುವಂತಿರಬೇಕು. ಬೋರ್ಡಿನ ಭಾಷೆಯೆಂದರೇನೆಂದು ನಮ್ಮ ಓದುಗರಿಗೆ ಹೇಳಿಕೊಡುವ ಅಗತ್ಯವಿಲ್ಲ.

ಅಲ್ಲಿಯದೆಲ್ಲವನ್ನೂ ಇಲ್ಲಿಗೆ ತರಬಹುದೆಂದು ನಾವು ಹೇಳುತ್ತಿಲ್ಲ. ಕಾರಡ್ಕ, ಮುಳಿಯಾರು ಕಡೆಯ ಕೃಷಿಕರನ್ನು ಕಾಡುವ ಆನೆ ಅವರ ಕಾಡಿನಲ್ಲಿಲ್ಲ. ತಿರುವಿನಲ್ಲಿ ಸವಾರನಿಗೆ ಎದುರಾಗುವುದು ಹೆಚ್ಚೆಂದರೆ ಒಂದು ಜಿಂಕೆ. ಅವರದು ನೆಟ್ಟು ಕಡಿಯುವ ತೋಪು, ನಮ್ಮದು ಹೆಚ್ಚಾಗಿ ತಾನಾಗಿ ಬೆಳೆದ ಕಾಡು. ರಾಣಿಪುರದ ಹುಲ್ಲುಗುಡ್ಡೆಗೆ ನಡೆದು ಹೋಗುವವರ ಕಾಲಿಗೇ ದಾರಿ ಸವೆಯುತ್ತಿರುವಾಗ ಸೈಕಲಿನ ಮಾತು ದೂರವೇ ಸರಿ. ಆದರೆ ನೀರಿನ ಲೆಕ್ಕ ನಡೆಯುವ ದಾರಿಗೂ ಅದೇ. ನಾಳೆ ಯಾವುದಾದರೂ ಇಲಾಖೆ ನಮ್ಮ ಗುಡ್ಡೆಗಳಲ್ಲಿ ದಾರಿ ಗುರುತು ಮಾಡಲು ಬಂದರೆ, ತೋಡು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಏರುತ್ತದೆಂದು ಅಲ್ಲಿಯ ಕೃಷಿಕನನ್ನು, ಅವನಿಗೆ ತಿಳಿಯುವ ಭಾಷೆಯಲ್ಲಿ, ಕೇಳಿಯೇ ಗೂಟ ಹೊಡೆಯಲಿ.

ರಾಜನ ಕಾಡಿನ ಕತೆ ಸುಖಾಂತವಾಗಿಯೇನೂ ನಿಂತಿಲ್ಲ. ಅರಣ್ಯ ಕಮಿಷನಿನ ಹೊಣೆಯನ್ನು ವೇಲ್ಸಿನಲ್ಲಿ 2013ರಿಂದ ಪ್ರಕೃತಿ ಸಂಪನ್ಮೂಲಗಳ ಹೊಸ ಸರಕಾರಿ ಸಂಸ್ಥೆಯೊಂದು ವಹಿಸಿಕೊಂಡಿತು. ಹಣ ಸಾಲದೆಂದು ಆ ಸಂಸ್ಥೆ 2025ರ ಮಾರ್ಚ್ 31ರಂದು ಕಾಡಿನ ಸಂದರ್ಶಕ ಕೇಂದ್ರದಲ್ಲಿದ್ದ ಚಹಾದಂಗಡಿಯನ್ನೂ ಮಳಿಗೆಯನ್ನೂ ಮುಚ್ಚಿತು. ದಾರಿಗಳು ತೆರೆದೇ ಇರುತ್ತವೆ, ವಾಹನ ನಿಲ್ಲಿಸಬಹುದು, ಶೌಚಾಲಯವಿದೆ ಎಂದು ಸಮಜಾಯಿಷಿ ಕೊಟ್ಟಿತು. ದಾರಿಗೆ ಹಾಕುವ ಕಲ್ಲಿಗೆ ಒಮ್ಮೆ ಹಣ ಒದಗಿಸುವವರು ಸಿಗುತ್ತಾರೆ. ವರ್ಷ ವರ್ಷ ಕಣಿ ಬಿಡಿಸುವ ಕೂಲಿಗೆ ಯಾವ ಕಂಪೆನಿ ತನ್ನ ಹೆಸರಿಟ್ಟೀತು? ಮುಚ್ಚುವ ಮಾತು ಬಂದಾಗಲೇ ಊರವರು ಸೇರಿ 'ಕರು ಕೋಯ್ಡ್ ಅ ಬ್ರೆನಿನ್' ಎಂಬ ತಂಡ ಕಟ್ಟಿದರು. 'ಕರು' ಎಂದರೆ ಅವರ ಭಾಷೆಯಲ್ಲಿ ಪ್ರೀತಿಸುವುದು. ನಿಮ್ಮಿಂದಾಗದಿದ್ದರೆ ಕೇಂದ್ರವನ್ನು ನಮಗೊಪ್ಪಿಸಿ, ನಾವು ನಡೆಸುತ್ತೇವೆ ಎಂಬುದು ಅವರ ಬೇಡಿಕೆ.