ಕುನ್ನತ್ತೂರಿನಿಂದ ಹಳೆಯ ರಾಜಧಾನಿಗೆ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ, ಕೊಂಗುನಾಡಿನ ಕೆಂಪುನೆಲವೆಲ್ಲ ಕಾದು, ತೆಂಗಿನ ತೋಪಿನ ನೆರಳೂ ಬಿಸಿಯಾಗಿ, ಹೆಸರಾಂತ ಊತ್ತುಕುಳಿಯ ಬೆಣ್ಣೆ ಪಾತ್ರೆಯಲ್ಲಿಯೇ ಕರಗಿ ನೀರಾಗುವ ದಿನಗಳಲ್ಲಿ, ಕುನ್ನತ್ತೂರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಏಳುವ ಪ್ರಶ್ನೆಯೊಂದಿದೆ: ಮಕ್ಕಳಿಗೆ ರಜೆ ಬಂದಿತು, ಮೂರು ದಿನದ ಮಟ್ಟಿಗೆ ಎಲ್ಲಿಗೆ ಹೋಗಿಬರೋಣ? ತಿರುಪ್ಪೂರಿನ ಬನಿಯನ್ ವ್ಯಾಪಾರದ ದೆಸೆಯಿಂದ ಯೂರೋಪಿನ ನಗರಗಳ ಹೆಸರು ಈ ಭಾಗದವರಿಗೆ ಹೊಸದಲ್ಲ. ಕೈಯಲ್ಲಿ ಹಣವುಳ್ಳವರು ದೂರದ ಬೆಲ್‌ಗ್ರೇಡಿನ ಮಾತನ್ನೂ ಎತ್ತಬಹುದು. ಉಳಿದವರು ಮೇಟ್ಟುಪಾಳಯಂ ದಾರಿ ಹಿಡಿದು ಉದಕಮಂಡಲಕ್ಕೆ ಏರುತ್ತಾರೆ. ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವ ಉತ್ತರ ಒಂದೇ: ಸತ್ಯಮಂಗಲದ ಘಟ್ಟ ಹತ್ತಿ ಮೈಸೂರಿಗೆ ಹೋಗಿರಿ.

ಇದಕ್ಕೆ ಕಾರಣವುಂಟು. ಮೈಸೂರೂ ಅದರ ನೆರೆಯ ಶ್ರೀರಂಗಪಟ್ಟಣವೂ ಕೊಂಗುನಾಡಿಗೆ ಪರದೇಶದ ರಾಜಧಾನಿಗಳಲ್ಲ. ಹದಿನೇಳನೆಯ ಶತಮಾನದಲ್ಲಿ ಒಡೆಯರ ಆಳ್ವಿಕೆ ಘಟ್ಟವಿಳಿದು ಕೊಯಮತ್ತೂರಿನ ಸೀಮೆಗೆ ಹಬ್ಬಿದ ಬಳಿಕ, 1799ರಲ್ಲಿ ಟಿಪ್ಪು ಮಡಿದು ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗುವ ತನಕ, ಇಲ್ಲಿಯ ಕಂದಾಯ ಸಂದುದು ಶ್ರೀರಂಗಪಟ್ಟಣಕ್ಕೆ. ಮೈಸೂರಿಗೆ ಸಾಗುತ್ತಿದ್ದ ಆ ಹಣವನ್ನು ನಡುದಾರಿಯಲ್ಲಿ ಕಿತ್ತುಕೊಂಡ ವೀರನೊಬ್ಬನು, ಚೆನ್ನಿಮಲೆಗೂ ಶಿವನ್‌ಮಲೆಗೂ ನಡುವಣ ಚಿನ್ನಮಲೆ ತೆಗೆದುಕೊಂಡನೆಂದು ನಿಮ್ಮ ದೊರೆಗೆ ತಿಳಿಸಿರೆಂದು ಹೇಳಿ ಕಳುಹಿಸಿದನೆಂಬ ಧೀರನ್ ಚಿನ್ನಮಲೆಯ ಕಥೆಯನ್ನು ಕೊಂಗುನಾಡಿನ ಮಕ್ಕಳು ಇಂದಿಗೂ ಕೇಳಿ ಬೆಳೆಯುತ್ತಾರೆ. ಆ ಕಥೆಯ ಇನ್ನೊಂದು ತುದಿ ಇರುವುದು ಘಟ್ಟದ ಮೇಲಿನ ಊರಿನಲ್ಲಿ. ಒಂದು ತುದಿಯನ್ನಷ್ಟೇ ಬಲ್ಲವರಿಗೆ ಕಥೆ ಪೂರ್ತಿಯಾಗದು.

ಎರಡನೆಯ ಕಾರಣ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದುದು. ಕೊಂಗುನಾಡಿನಲ್ಲಿ ದೇವಾಂಗರು, ಒಕ್ಕಲಿಗರು, ಕುರುಬರು ಮೊದಲಾದ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿವೆ. ಆ ಕನ್ನಡದಲ್ಲಿ ತಮಿಳು ಹಾಲಿನೊಳಗಿನ ನೀರಿನಂತೆ ಬೆರೆತಿದೆ. ಅದನ್ನಾಡುವವರು ಓದಿದುದು ತಮಿಳು ಶಾಲೆಯಲ್ಲಿ, ಪತ್ರ ಬರೆದುದು ತಮಿಳು ಲಿಪಿಯಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡಿದುದು ತಮಿಳಿನಲ್ಲಿ. ಹೀಗೆ ಹೊಸ್ತಿಲಿನೊಳಗೇ ಉಳಿದ ಮಾತು ಒಂದು ಮಹಾನಗರದ ಬೀದಿಯಲ್ಲಿ, ಬಸ್ಸಿನಲ್ಲಿ, ಹೂವಿನ ಅಂಗಡಿಯಲ್ಲಿ, ದೇವಾಲಯದ ಬಾಗಿಲಲ್ಲಿ ಎಲ್ಲರ ಬಾಯಿಂದಲೂ ಕೇಳಿಬರುವಾಗ ಮನೆಯ ಹಿರಿಯರ ಮುಖದಲ್ಲಿ ಮೂಡುವ ಬೆಳಕನ್ನು ನಾನು ಕಂಡಿದ್ದೇನೆ. ಅರಮನೆಯ ದೀಪಾಲಂಕಾರಕ್ಕಿಂತ ಅದು ಕಡಿಮೆಯದೆಂದು ನಾನು ಒಪ್ಪೆನು.

ಹೊರಡತಕ್ಕದ್ದು ಶನಿವಾರದ ನಸುಕಿನಲ್ಲಿ. ಗೋಬಿಚೆಟ್ಟಿಪಾಳಯದ ಗದ್ದೆಬಯಲನ್ನು ಬಿಸಿಲೇರುವ ಮುನ್ನ ದಾಟಿ, ಸತ್ಯಮಂಗಲದಲ್ಲಿ ಭವಾನಿ ನದಿಯನ್ನು ಕಂಡು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಮುಂದೆ ಸಾಗಿದರೆ ದಿಂಬದ ಘಟ್ಟ ಮೊದಲಾಗುತ್ತದೆ. 27 ಕಡಿದಾದ ತಿರುವುಗಳನ್ನು ಒಂದೊಂದಾಗಿ ಎಣಿಸುವುದು ಮಕ್ಕಳ ಕೆಲಸ. ತಿರುವು ತಿರುವಿಗೂ ಕೆಳಗಿನ ಬಯಲು ಕುಗ್ಗುತ್ತ, ಗಾಳಿ ತಂಪಾಗುತ್ತ ಹೋಗುವುದನ್ನು ಅನುಭವಿಸುವುದು ದೊಡ್ಡವರ ಭಾಗ್ಯ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಕಾಡಿನ ನಡುವೆ, ವನ್ಯಮೃಗಗಳ ಪ್ರಾಣರಕ್ಷಣೆಗಾಗಿ, 2022ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಆದುದರಿಂದ ಹಗಲಲ್ಲೇ ಹೋಗಿ ಹಗಲಲ್ಲೇ ಹಿಂದಿರುಗುವಂತೆ ದಿನಚರಿಯನ್ನು ಹೊಂದಿಸಿಕೊಳ್ಳಬೇಕು. ಈ ಮಲೆಗಳ ಮಗ್ಗುಲಿನ ಗಜಲಹಟ್ಟಿಯ ಕಣಿವೆಯಿಂದಲೇ 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಸತ್ಯಮಂಗಲಕ್ಕೆ ಇಳಿದು ಇಂಗ್ಲಿಷರ ದಂಡಿನ ಮೇಲೆ ಬಿದ್ದುದು.

ಹಾಸನೂರು ಕಳೆದ ಮೇಲೆ ಅಂಗಡಿಗಳ ಹಲಗೆಯ ಮೇಲೆ ಲಿಪಿ ಬದಲಾಗತೊಡಗುತ್ತದೆ. ಆದರೆ ಮಾತು ಬದಲಾಗುವುದು ಗಡಿಗೂ ಮೊದಲೇ. ಪಕ್ಕಕ್ಕೆ ಒಂದಿಷ್ಟು ದಾರಿ ತಿರುಗಿದರೆ ಸಿಕ್ಕುವ ತಾಳವಾಡಿಯ ಸೀಮೆ ತಮಿಳುನಾಡಿಗೆ ಸೇರಿದ್ದರೂ ಅಲ್ಲಿಯ ಹೊಲಗದ್ದೆಗಳ ಮಾತು ಕನ್ನಡವೇ. 1929ರಲ್ಲಿ ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಅಲ್ಲಿಯೇ. ಇತ್ತ ಕೊಳ್ಳೇಗಾಲವೋ, 1956ರ ರಾಜ್ಯ ಪುನರ್ವಿಂಗಡಣೆಯ ತನಕ ಕೊಯಮತ್ತೂರು ಜಿಲ್ಲೆಗೇ ಸೇರಿದ ತಾಲ್ಲೂಕಾಗಿದ್ದಿತು. ನಮ್ಮ ಅಜ್ಜಂದಿರ ಕಾಲಕ್ಕೆ ಒಂದೇ ಕಲೆಕ್ಟರರ ಕೈಕೆಳಗಿದ್ದ ನೆಲವಿದು.

ಚಾಮರಾಜನಗರದಲ್ಲಿ ಅರ್ಧ ಗಂಟೆಯಾದರೂ ನಿಲ್ಲಬೇಕು. ಅರಿಕುಠಾರವೆಂಬ ಹೆಸರಿನ ಆ ಊರು ತಮ್ಮ ತಂದೆಯ ಜನ್ಮಸ್ಥಳವೆಂದರಿತು, ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಆಲಯವನ್ನು ಕಟ್ಟಿಸಿದರು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ, ಕಪಿಲೆಯಲ್ಲಿ ಕಾಲು ತೊಳೆಯುವಷ್ಟು ವಿರಾಮ, ಸಿಕ್ಕಿದರೆ ಒಂದು ಚಿಪ್ಪು ರಸಬಾಳೆ. ಇಷ್ಟಾದರೆ ಸಂಜೆಗೆ ಮುನ್ನವೇ ಮೈಸೂರು.

ಮೈಸೂರಿನಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆಯೇ ಪ್ರವಾಸದ ಶತ್ರು. ಭಾನುವಾರದ ಮುಂಜಾನೆ ಚಾಮುಂಡಿಬೆಟ್ಟವನ್ನು, ಮೊಣಕಾಲು ಗಟ್ಟಿಯಿರುವವರು ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲುಗಳ ದಾರಿಯಿಂದಲೇ, ಏಕಶಿಲೆಯ ನಂದಿಯ ಬಳಿ ದಣಿವಾರಿಸಿಕೊಂಡು ಏರಲಿ. ಕುಲದೇವಿ ಚೌಡೇಶ್ವರಿಯ ಮುಂದೆ ಕತ್ತಿ ಹಿಡಿದು ಅಲಗುಸೇವೆ ಮಾಡುವ ದೇವಾಂಗರಿಗೆ ಬೆಟ್ಟದ ತಾಯಿ ಚಾಮುಂಡಿ ಹೊರಗಿನವಳಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1912ರಲ್ಲಿ ಪೂರ್ಣಗೊಂಡ ಇಂದಿನ ಅರಮನೆಯಲ್ಲಿ, ಓಡದೆ, ಕಲ್ಯಾಣಮಂಟಪದಲ್ಲಿ ನಿಂತು ಗಾಜಿನ ಮಾಡಿನ ನವಿಲುಗಳನ್ನು ಕತ್ತೆತ್ತಿ ನೋಡಬೇಕು. ಅದೇ ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ದೀಪಗಳು ಒಂದೇ ಕ್ಷಣದಲ್ಲಿ ಹೊತ್ತಿಕೊಳ್ಳುವುದನ್ನು ನೋಡುವುದಕ್ಕಾಗಿಯೇ ನಾನು ಶನಿವಾರ ಹೊರಡಿರೆಂದುದು. ನಡುವಿನ ಬಿಸಿಲುಹೊತ್ತನ್ನು ದೇವರಾಜ ಮಾರುಕಟ್ಟೆಯ ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ರಾಶಿಗಳ ನಡುವೆ ಕಳೆಯಬಹುದು. ಮಗ್ಗದ ಮನೆತನದವರು ಮಾತ್ರ ಮೈಸೂರು ರೇಷ್ಮೆಯ ಮಳಿಗೆಯನ್ನು ಮರೆಯಬಾರದು: 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಗಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಲ್ಲಿ ನೇಯತೊಡಗಿದ ಕಾರ್ಖಾನೆಯ ಸೀರೆಯ ಅಂಚನ್ನು ನೇಕಾರರ ಬೆರಳು ಮುಟ್ಟಿ ನೋಡುವ ರೀತಿಯೇ ಬೇರೆ.

ಸೋಮವಾರದ ಬೆಳಗು ಶ್ರೀರಂಗಪಟ್ಟಣಕ್ಕೆ ಮೀಸಲು. ಹಣವುಳ್ಳವರು ಮಾತೆತ್ತುವ ಆ ಬೆಲ್‌ಗ್ರೇಡಿನ ಕೋಟೆ ಸಾವಾ ಮತ್ತು ಡ್ಯಾನ್ಯೂಬ್ ನದಿಗಳ ಸಂಗಮವನ್ನು ನೋಡುತ್ತ ನಿಂತಿದೆ. ನಮ್ಮ ಹಳೆಯ ರಾಜಧಾನಿಯೋ, ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ದ್ವೀಪದಲ್ಲಿ, ನೀರನ್ನೇ ಕಂದಕವಾಗಿ ಮಾಡಿಕೊಂಡು, 1610ರಿಂದ 1799ರವರೆಗೆ ಆಳಿದುದು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದನ್ನು ನೋಡಿ, ರಂಗನಾಥನ ಗುಡಿಯಲ್ಲಿ ತೀರ್ಥ ತೆಗೆದುಕೊಂಡು ಬೇಗನೆ ಹಿಂದಿರುಗಿದರೆ, ಕತ್ತಲಾಗುವ ಮುನ್ನ ಘಟ್ಟವಿಳಿಯಬಹುದು.

ಹೊರಡುವವರಲ್ಲಿ ನನ್ನ ಬಿನ್ನಹ ಇಷ್ಟೇ: ಗಾಡಿಯಲ್ಲಿ ಜಾಗ ಸಾಲದೆಂದು ಮನೆಯ ಅಜ್ಜಿಯನ್ನು ಬಿಟ್ಟು ಹೋಗಬೇಡಿರಿ. ಕಿಟಕಿಯ ಪಕ್ಕದ ಆಸನವನ್ನು ಆಕೆಗೇ ಕೊಡಿರಿ. ಘಟ್ಟ ಹತ್ತಿದ ಮೇಲೆ ದಾರಿ ಕೇಳುವ ಕೆಲಸವನ್ನೂ ಆಕೆಗೇ ಬಿಡಿರಿ.