ಗಾಳದ ಪತ್ರ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಹಿರಿಯರ ಅನುಭವದ ಮಾತು. ಗಣಕಯಂತ್ರಕ್ಕೆ ಬರುವ ಮಿಂಚಂಚೆಗೂ ಈ ಮಾತು ಸಲ್ಲುತ್ತದೆ. ಹೆಸರಾಂತ ತಂತ್ರಾಂಶ ಸಂಸ್ಥೆಯ ಹೆಸರನ್ನೂ ಲಾಂಛನವನ್ನೂ ಧರಿಸಿ, ಓದುಗನ ಗುಪ್ತಪದವನ್ನು ಅಪಹರಿಸುವ ವಂಚನೆಗೆ ‘ಫಿಶಿಂಗ್’ ಎಂದು ಹೆಸರು. ಬೆಸ್ತನು ಗಾಳಕ್ಕೆ ಎರೆಯನ್ನು ಸಿಕ್ಕಿಸುವಂತೆ, ವಂಚಕನು ತನ್ನ ಪತ್ರಕ್ಕೆ ಭಯವನ್ನು ಸಿಕ್ಕಿಸುತ್ತಾನೆ.

2016ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಹಿಲರಿ ಕ್ಲಿಂಟನ್ ಸ್ಪರ್ಧಿಸಿದ್ದರು. ಅವರ ಪ್ರಚಾರ ಸಮಿತಿಯ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ ಆ ವರ್ಷದ ಮಾರ್ಚ್ 19ರಂದು ಒಂದು ಪತ್ರ ಬಂದಿತು. ನೋಡುವುದಕ್ಕೆ ಅದು ಗೂಗಲ್ ಸಂಸ್ಥೆಯ ಪತ್ರದಂತೆಯೇ ಇತ್ತು. ಯಾರೋ ಅವರ ಗುಪ್ತಪದವನ್ನು ಅರಿತಿರುವರೆಂದೂ, ಅದನ್ನು ಕೂಡಲೇ ಬದಲಾಯಿಸಬೇಕೆಂದೂ ಅದು ಎಚ್ಚರಿಸಿತ್ತು. ಬದಲಾಯಿಸಲು ಕೆಳಗೊಂದು ಗುಂಡಿಯೂ ಇತ್ತು.

ಸಿಬ್ಬಂದಿಯವರು ಸಂದೇಹಪಟ್ಟು ಸಮಿತಿಯ ತಂತ್ರಜ್ಞನನ್ನು ವಿಚಾರಿಸಿದರು. ಪತ್ರವು ನೈಜವಾದುದೆಂದು ಅವನ ಉತ್ತರದಲ್ಲಿತ್ತು. ನೈಜವಲ್ಲವೆಂದು ಬರೆಯಹೊರಟು ಕೈತಪ್ಪಿದುದಾಗಿ ಅವನು ಅನಂತರ ವಿವರಿಸಿದನು. ಆದರೂ ಗುಪ್ತಪದ ಬದಲಾಯಿಸಲು ಗೂಗಲ್ಲಿನ ನಿಜವಾದ ವಿಳಾಸವನ್ನೇ ಅವನು ಕಳುಹಿಸಿದ್ದನು. ಒತ್ತಲ್ಪಟ್ಟದ್ದು ಮಾತ್ರ ಪತ್ರದೊಳಗಿನ ಗುಂಡಿ! ಆ ವರ್ಷದ ಅಕ್ಟೋಬರಿನಲ್ಲಿ, ಮತದಾನ ಸಮೀಪಿಸಿದ್ದಾಗ, ಪೊಡೆಸ್ಟಾ ಅವರ ಸಹಸ್ರಾರು ಖಾಸಗಿ ಪತ್ರಗಳು ವಿಕಿಲೀಕ್ಸ್ ತಾಣದಲ್ಲಿ ಬಯಲಾದವು. 2018ರಲ್ಲಿ ಅಮೆರಿಕ ಸರ್ಕಾರವು ಈ ಕೃತ್ಯವೂ ಸೇರಿದಂತೆ ಹಲವು ಆರೋಪಗಳನ್ನು ರಷ್ಯಾದ ಸೇನಾ ಗೂಢಚಾರ ವಿಭಾಗದ 12 ಅಧಿಕಾರಿಗಳ ಮೇಲೆ ಹೊರಿಸಿತು.

ಆ ಗುಂಡಿಯು ಕೊಂಡೊಯ್ಯುತ್ತಿದ್ದ ತಾಣದ ವಿಳಾಸ ‘ಮೈಅಕೌಂಟ್.ಗೂಗಲ್.ಕಾಮ್-ಸೆಕ್ಯುರಿಟಿಸೆಟ್ಟಿಂಗ್‌ಪೇಜ್.ಟಿಕೆ’ ಎಂದು ಆರಂಭವಾಗುತ್ತಿತ್ತು. ಅವಸರದ ಕಣ್ಣು ‘ಗೂಗಲ್.ಕಾಮ್’ ಎಂಬಲ್ಲಿಗೇ ನಿಂತುಬಿಡುತ್ತದೆ. ಅಂಚೆಯ ವಿಳಾಸದಲ್ಲಿ ಊರಿನ ಹೆಸರು ಕೊನೆಗೆ ಬರುವಂತೆ, ತಾಣದ ಒಡೆಯನನ್ನು ತಿಳಿಸುವ ಭಾಗವೂ ಹೆಸರಿನ ಕೊನೆಯಲ್ಲಿ, ಮೊದಲ ಒಂಟಿ ಓರೆಗೆರೆಗೆ ಮುಂಚೆ ಇರುತ್ತದೆ. ಇಲ್ಲಿ ಕೊನೆಯಲ್ಲಿದ್ದುದು ‘ಟಿಕೆ’. ಆದುದರಿಂದ ಅದು ಗೂಗಲ್ಲಿನ ಮನೆಯಲ್ಲ. ಕಳುಹಿಸಿದವರ ಹೆಸರನ್ನು ನೋಡಿ ನಂಬುವಂತೆಯೂ ಇಲ್ಲ. ಹೊದಿಕೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಷ್ಟೆ.

ನಿಜವಾದ ಸಂಸ್ಥೆಗಳೂ ಒಮ್ಮೊಮ್ಮೆ ಎಚ್ಚರಿಕೆಯ ಪತ್ರಗಳನ್ನು ಕಳುಹಿಸುವುದುಂಟು. ಆದುದರಿಂದ ಎಚ್ಚರಿಕೆಯನ್ನು ಅಲಕ್ಷಿಸುವುದೂ ತರವಲ್ಲ, ಪತ್ರವು ತೋರಿದ ದಾರಿಯನ್ನು ಹಿಡಿಯುವುದೂ ತರವಲ್ಲ. ಪತ್ರವನ್ನು ಬದಿಗಿಟ್ಟು, ಸಂಸ್ಥೆಯ ವಿಳಾಸವನ್ನು ತಾನೇ ಬರೆದು ತಾಣವನ್ನು ಪ್ರವೇಶಿಸಿ ವಿಚಾರಿಸಬೇಕು. ಎಚ್ಚರಿಕೆ ನಿಜವಾಗಿದ್ದರೆ ಅಲ್ಲಿಯೂ ಅದು ಕಾಣಬಹುದು; ಸುಳ್ಳಾಗಿದ್ದರೆ ಗಾಳವು ಬರಿದಾಗಿ ಮರಳುತ್ತದೆ.