ಅಣಶಿ ಘಟ್ಟದಲ್ಲಿ ಹಳದಿ ದೀಪ: ಟೈರಿನೊಳಗಿನ ಸೆನ್ಸರ್‌ಗೆ ವಯಸ್ಸಾದಾಗ

ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವ ರಸ್ತೆಯಲ್ಲಿ ತಿರುವಿನ ಬೆನ್ನಿಗೇ ತಿರುವು. ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಬಂದ್ ಆಗುವುದುಂಟು. ಮೇಲೆ ಹೋದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕುಂಬಾರವಾಡ, ಜೊಯಿಡಾ ಕಡೆಗೆ ಸಾಗುವಾಗ ಮೊಬೈಲ್ ಸಿಗ್ನಲ್ಲೂ ಆಗಾಗ ಕೈಕೊಡುತ್ತದೆ. ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋಗುವ ಜಾಗ ಇದಲ್ಲ. ಇಂಥಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಲಾಳದಾಕಾರದೊಳಗೆ ಉದ್ಗಾರ ಚಿಹ್ನೆಯಿರುವ ಹಳದಿ ದೀಪ ಹೊತ್ತಿಕೊಂಡರೆ, ಇಳಿದಿರುವುದು ಗಾಳಿಯೋ ಅಥವಾ ಕೆಟ್ಟಿರುವುದು ಗಾಳಿ ಅಳೆಯುವ ಸೆನ್ಸರೋ ಎಂಬುದು ಕೂಡಲೇ ತಿಳಿಯಬೇಕು.

ಹೆಚ್ಚಿನ ಕಾರುಗಳಲ್ಲಿ ಉತ್ತರ ದೀಪದಲ್ಲೇ ಇದೆ. ದೀಪ ಒಂದೇ ಸಮ ಉರಿಯುತ್ತಿದ್ದರೆ ಯಾವುದೋ ಚಕ್ರದ ಗಾಳಿ ಕಮ್ಮಿಯಾಗಿದೆ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತು ಉರಿದರೆ ದೋಷ ವ್ಯವಸ್ಥೆಯದು.

ಚಳಿಗಾಲದ ಬೆಳಗ್ಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಕರಾವಳಿಯ ಮಧ್ಯಾಹ್ನ, 33 ಡಿಗ್ರಿ ಬಿಸಿಲಿನಲ್ಲಿ ಗಾಳಿ ಹೊಡೆಸಿದ ಟೈರು ರಾತ್ರಿಯಿಡೀ ಘಟ್ಟದ ಮೇಲೆ ನಿಂತು 15 ಡಿಗ್ರಿಗೆ ತಣಿದರೆ ಒಳಗಿನ ಒತ್ತಡ ಸುಮಾರು 3 ಪಿಎಸ್‌ಐ ಇಳಿಯುತ್ತದೆ. ಎಲ್ಲೂ ಸೋರಿಲ್ಲ, ಗಾಳಿ ಕುಗ್ಗಿದೆ, ಅಷ್ಟೇ. ಮೊದಲೇ ಕೊಂಚ ಕಮ್ಮಿಯಿದ್ದ ಟೈರಿಗೆ ದೀಪ ಹೊತ್ತಿಸಲು ಅಷ್ಟು ಸಾಕು. ಒಂದಿಷ್ಟು ದೂರ ಓಡಿ ಟೈರು ಬಿಸಿಯಾದ ಮೇಲೆ ದೀಪ ತಾನಾಗಿ ಆರಿದರೆ ಗಾಳಿ ಸರಿಮಾಡಿಸಬೇಕೇ ಹೊರತು ಸೆನ್ಸರ್ ಬದಲಿಸಬೇಕಿಲ್ಲ.

ಬದಲಿಸಲು ಸೆನ್ಸರ್ ಎಂಬುದೇ ಇಲ್ಲದ ಕಾರುಗಳೂ ಇವೆ. ಗಾಳಿ ಇಳಿದ ಚಕ್ರ ತುಸು ಚಿಕ್ಕದಾಗಿ, ಉಳಿದವಕ್ಕಿಂತ ಬೇಗ ಸುತ್ತುತ್ತದೆ. ಎಬಿಎಸ್ ಬ್ರೇಕಿನ ವೇಗಮಾಪಕಗಳಿಂದಲೇ ಇದನ್ನು ಪತ್ತೆಹಚ್ಚುವ ಪರೋಕ್ಷ ವ್ಯವಸ್ಥೆ ಅವುಗಳಲ್ಲಿದೆ. ಗಾಳಿ ತುಂಬಿಸಿದ ಮೇಲೆ ಅದನ್ನು ರೀಸೆಟ್ ಮಾಡಿದರಾಯಿತು. ಒಂದೊಂದು ಚಕ್ರದ ಒತ್ತಡವನ್ನೂ ಅಂಕಿಯಲ್ಲಿ ತೋರಿಸುವ ಕಾರಾದರೆ ಸಾಮಾನ್ಯವಾಗಿ ಪ್ರತಿ ಚಕ್ರದೊಳಗೂ ಒಂದೊಂದು ಸೆನ್ಸರ್ ಕೂತಿರುತ್ತದೆ.

ಅದು ಕೂತಿರುವ ಜಾಗ ಸುಖದ್ದಲ್ಲ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ವಾಲ್ವಿನ ಬುಡದ ಆ ಪುಟ್ಟ ಪೆಟ್ಟಿಗೆಯ ಮೇಲೆ ಗುರುತ್ವದ ಸುಮಾರು 150 ಪಟ್ಟು ಬಲ ಬೀಳುತ್ತದೆ. ಅದರ ಮೇಲೆ ಬ್ರೇಕಿನ ಬಿಸಿ, ಗುಂಡಿಗಳ ಹೊಡೆತ. ಇದನ್ನೆಲ್ಲ ತಾಳಿಕೊಳ್ಳಲೆಂದು ಒಳಗಿನ ಲಿಥಿಯಂ ಸೆಲ್ಲನ್ನೂ ಸರ್ಕ್ಯೂಟನ್ನೂ ರಾಳದಲ್ಲಿ ಮುಚ್ಚಿಬಿಡುತ್ತಾರೆ. ಸೆಲ್ ಮುಗಿದರೆ ಅದೊಂದನ್ನೇ ತೆಗೆದು ಹೊಸದು ಹಾಕಲಾಗದು, ಸೆನ್ಸರನ್ನೇ ಬದಲಿಸಬೇಕು. ಗಾಡಿ ನಿಂತಾಗ ನಿದ್ದೆ ಹೋಗುತ್ತ, ಓಡುವಾಗ ಆಗಾಗ ರೇಡಿಯೊ ಸಂಕೇತ ಕಳಿಸುತ್ತ ಈ ಸೆಲ್ 5ರಿಂದ 10 ವರ್ಷ ಬಾಳುತ್ತದೆ. ಕೊನೆಗಾಲ ಹತ್ತಿರವಾದಾಗ ಮೊದಲು ತಡವರಿಸುವುದು ತಂಪು ಮುಂಜಾವಿನಲ್ಲಿ.

ನಾಲ್ಕೂ ಸೆನ್ಸರ್‌ಗಳು ಒಂದೇ ದಿನ ಹುಟ್ಟಿದವು. ಏಳೆಂಟು ವರ್ಷದ ಕಾರಿನಲ್ಲಿ ಒಂದರ ಸೆಲ್ ಮುಗಿಯಿತೆಂದರೆ ಉಳಿದ ಮೂರರ ಸರದಿಯೂ ದೂರವಿಲ್ಲ. ಅದರ ಜೊತೆಗೆ ಸೆನ್ಸರ್ ಮುಟ್ಟಬೇಕಾದರೆ ಟೈರನ್ನು ರಿಮ್ಮಿನಿಂದ ಬಿಡಿಸಲೇಬೇಕು. ಮತ್ತೆ ಕೂರಿಸಿ ಬ್ಯಾಲೆನ್ಸಿಂಗ್ ಮಾಡಿಸುವ ಕೂಲಿ ಪ್ರತಿ ಸಲವೂ ಬೀಳುತ್ತದೆ. ಹಾಗೆಂದು ಮೊದಲ ಸಲ ಟೈರು ಬದಲಿಸುವಾಗ, ಅಂದರೆ ನಾಲ್ಕೈದು ವರ್ಷಕ್ಕೆ, ಸರಿಯಾಗಿರುವ ಸೆನ್ಸರನ್ನು ಎಸೆಯುವುದು ದುಡ್ಡು ದಂಡ. ಆಗ ವಾಲ್ವಿನ ರಬ್ಬರ್ ಸೀಲು, ನಟ್ಟು, ಪಿನ್ನು ಹೊಸದಾದರೆ ಸಾಕು. ಎರಡನೇ ಸಲದ ಟೈರುಗಳ ಜೊತೆಗೆ ನಾಲ್ಕನ್ನೂ ಬದಲಿಸಿಬಿಡುವುದು ಜಾಣತನ. ನಡುವೆ ಕಲ್ಲಿಗೆ ಬಡಿದು ಒಂದು ಒಡೆದರೆ ಅದೊಂದನ್ನೇ ಹಾಕಿಸಿದರಾಯಿತು.

ಕಡಲ ಗಾಳಿಗೆ ಮೈಯೊಡ್ಡುವ ಕಾರುಗಳಿಗೆ ಇನ್ನೊಂದು ರೋಗವಿದೆ. ಹಲವು ಸೆನ್ಸರ್‌ಗಳ ವಾಲ್ವ್ ಕಾಂಡ ಅಲ್ಯೂಮಿನಿಯಂನದು. ಅದರೊಳಗೆ ಹಿತ್ತಾಳೆಯ ಮಾಮೂಲಿ ಪಿನ್ನು ಹಾಕಿದರೆ, ಉಪ್ಪಿನ ತೇವ ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ಶುರುವಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಪಿನ್ನು ಕಚ್ಚಿಕೊಂಡು, ತಿರುಗಿಸಹೋದರೆ ಕಾಂಡವೇ ಮುರಿಯುತ್ತದೆ. ಇಂಥ ವಾಲ್ವಿಗೆ ನಿಕಲ್ ಲೇಪದ ಪಿನ್ನೇ ಬೇಕು, ಮುಚ್ಚಳ ಪ್ಲಾಸ್ಟಿಕ್ಕಿನದಿರಬೇಕು. ಅಂದಕ್ಕೆಂದು ಹಾಕಿಸುವ ಲೋಹದ ಮುಚ್ಚಳಗಳು ಇಲ್ಲಿ ಅಪಾಯ.

ಹೊಸ ಸೆನ್ಸರ್ ಹಾಕಿದರೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದಕ್ಕೂ ತನ್ನದೇ ಗುರುತಿನ ಸಂಖ್ಯೆಯಿದೆ, ಅದನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಬೇಕು. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಅಮೆರಿಕದಲ್ಲಿ ಬಳಕೆಯಲ್ಲಿರುವ 315 ಮೆಗಾಹರ್ಟ್ಸ್‌ನ ಸೆನ್ಸರ್ 433 ಮೆಗಾಹರ್ಟ್ಸ್ ಕೇಳುವ ಕಾರಿಗೆ ಕೇಳಿಸುವುದೇ ಇಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

1986ರ ಪೋರ್ಷೆ 959ರಂಥ ದುಬಾರಿ ಕಾರಿನಲ್ಲಿ ಕಾಣಿಸಿಕೊಂಡ ಈ ತಂತ್ರ ಸಾಮಾನ್ಯರ ಕಾರಿಗೆ ಇಳಿದದ್ದು ದುರಂತಗಳ ಬೆನ್ನಿಗೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು 100ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಮೆರಿಕ 2000ದಲ್ಲಿ ಕಾನೂನು ತಂದಿತು. ಭಾರತದಲ್ಲಿ 2020ರ ನಿಯಮ ಬೇರೊಂದು ದಾರಿಯಲ್ಲಿ ಇದಕ್ಕೆ ಮಹತ್ವ ಕೊಟ್ಟಿತು: ಟ್ಯೂಬ್‌ಲೆಸ್ ಟೈರು, ಒತ್ತಡ ಅಳೆಯುವ ವ್ಯವಸ್ಥೆ, ಪಂಕ್ಚರ್ ರಿಪೇರಿ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿಯಿಲ್ಲದೆ ಅಣಶಿ ಹತ್ತುವ ಕಾರಿಗೆ ಸೆನ್ಸರ್ ಕೊಡುವ ಮುನ್ಸೂಚನೆಯೇ ಮುಖ್ಯ ಆಸರೆ. ಮಿಣುಕುವ ದೀಪವನ್ನು ಮುಂದಿನ ಸರ್ವಿಸ್‌ವರೆಗೆ ತಳ್ಳದೆ ಊರು ಬಿಡುವ ಮೊದಲೇ ತೋರಿಸುವುದು ಒಳ್ಳೆಯದು. ಕಿಟ್ಟಿನಲ್ಲಿ ತೂತು ಮುಚ್ಚುವ ದ್ರವವಿದ್ದರೆ ಇನ್ನೊಂದು ಎಚ್ಚರಿಕೆ ಬೇಕು: ಆ ಅಂಟು ಸೆನ್ಸರಿನ ಸಣ್ಣ ರಂಧ್ರದಲ್ಲೂ ಕೂರಬಲ್ಲದು. ಅದನ್ನು ಬಳಸಿದ್ದರೆ ದಾಂಡೇಲಿಯಲ್ಲೋ ಕಾರವಾರದಲ್ಲೋ ಟೈರು ಬಿಚ್ಚಿಸುವಾಗ ಮೊದಲೇ ಹೇಳಬೇಕು. ಒಳಗೆ ಸೆನ್ಸರ್ ಇದೆಯೆಂದೂ, ವಾಲ್ವಿನ ಹತ್ತಿರ ಪಟ್ಟಿ ಹಾಕಿ ಮೀಟಬಾರದೆಂದೂ ಅದೇ ಉಸಿರಿಗೆ ಹೇಳಿಬಿಟ್ಟರೆ, ಚೆನ್ನಾಗಿದ್ದ ಸೆನ್ಸರ್ ಅಲ್ಲೇ ಮುರಿಯುವುದು ತಪ್ಪುತ್ತದೆ.